ಡಾಕ್ಟರು ಬರೆದ ಬ್ರಾಂಡ್ ಔಷಧಿ ಇಲ್ಲದಿದ್ದರೆ ಬೇರೆಯದು ಕೊಡಬಹುದೇ? ಗ್ರಾಹಕರು ಕೇಳದಿದ್ದರೂ ಹೇಳಬೇಕೇ?

ಹೊಸಕೌಂಟರ್:
ಔಷಧಿ ಅಂಗಡಿಗೆ ಹೊಸದಾಗಿ ಸೇರುವವರಿಗೆ ಕೊಡಲು ಒಂದು ಹಾಳೆ ಸಿದ್ಧವಾಗುತ್ತಿದೆ. ಮೂರು ವಿಷಯ ಖಚಿತವಾಗಬೇಕು. ಚೀಟಿಯಲ್ಲಿರುವ ಬ್ರಾಂಡ್ ಇಲ್ಲದಿದ್ದರೆ ಬದಲಿ ಕೊಡುವುದು ಹೇಗೆ? ಹತ್ತರ ಸ್ಟ್ರಿಪ್‌ನಲ್ಲಿ ನಾಲ್ಕೇ ಮಾತ್ರೆ ಕೇಳಿದರೆ? ತಪ್ಪು ಔಷಧಿ ಹೋಗಿದೆ ಎಂದು ಆಮೇಲೆ ಗೊತ್ತಾದರೆ? "ಕೇಳಿದರೆ ಮಾತ್ರ ಹೇಳಿ" ಎಂದು ಬರೆದರೆ ಸಾಕೇ?

ಮಾತ್ರೆಪಟ್ಟಿ:
ಸಾಲದು. ಚೀಟಿಯ ಮೇಲೆ ಮಾತ್ರ ಕೊಡುವ ಔಷಧಿಯಾದರೆ ಡಾಕ್ಟರನ್ನು ಕೇಳದೆ ಬದಲಿಸುವಂತಿಲ್ಲ. ಅವರು ಒಪ್ಪಿದ ಮೇಲೂ, ಬದಲಿ ಕೊಡುತ್ತಿದ್ದೇವೆ ಎಂಬುದನ್ನು ಬಿಲ್ ಹಾಕುವ ಮೊದಲೇ ಗ್ರಾಹಕರಿಗೆ ಬಾಯಿಬಿಟ್ಟು ಹೇಳಬೇಕು, ಒಪ್ಪದಿದ್ದರೆ ಚೀಟಿ ವಾಪಸ್ ಕೊಡಬೇಕು.

ಮೂಲ ಔಷಧ, ಮಿ.ಗ್ರಾಂ, ಮಾತ್ರೆಯ ಬಗೆ ಮೂರೂ ಹೊಂದಬೇಕು. ಹೊಸಬರು ಎಡವುವುದು ಮೂರನೆಯದರಲ್ಲಿ. ಮೆಟೊಪ್ರೊಲೊಲ್ ಸಕ್ಸಿನೇಟ್ ನಿಧಾನವಾಗಿ ಬಿಡುಗಡೆಯಾಗುವ, ದಿನಕ್ಕೊಂದು ಸಲದ ಮಾತ್ರೆ. ಮೆಟೊಪ್ರೊಲೊಲ್ ಟಾರ್ಟ್ರೇಟ್ ಸಾಮಾನ್ಯವಾಗಿ ಎರಡು ಸಲದ್ದು. ಮೊದಲ ಪದ ಓದಿ ಕೈಗೆ ಸಿಕ್ಕಿದ್ದನ್ನು ಕೊಟ್ಟರೆ ಬಿಪಿ ಏರುಪೇರಾಗುತ್ತದೆ. ವಾರ್ಫರಿನ್, ಫೆನಿಟಾಯಿನ್, ಟ್ಯಾಕ್ರೊಲಿಮಸ್, ಲೆವೊಥೈರಾಕ್ಸಿನ್ ಇವುಗಳ ಬ್ರಾಂಡನ್ನಂತೂ ಡಾಕ್ಟರಿಗೆ ಫೋನ್ ಮಾಡದೆ ಬದಲಿಸಬೇಡಿ. ರಕ್ತದಲ್ಲಿ ಪ್ರಮಾಣ ಸ್ವಲ್ಪ ಹೆಚ್ಚುಕಡಿಮೆಯಾದರೂ ತೊಂದರೆ ಕೊಡುವ ಔಷಧಿಗಳಿವು.

ಇನ್ನೊಂದು ಅಪಾಯ ಮನೆಯಲ್ಲಿ ಕಾದಿರುತ್ತದೆ. ಹಳೆಯ ಸ್ಟ್ರಿಪ್‌ನಲ್ಲಿ ಆರು ಮಾತ್ರೆ ಉಳಿದಿವೆ, ಹೊಸದರ ಹೆಸರು ಬೇರೆ, ಬಣ್ಣವೂ ಬೇರೆ. ವಯಸ್ಸಾದವರು ಎರಡನ್ನೂ ನುಂಗುತ್ತಾರೆ. ಕವರ್ ಮೇಲೆ "ಇಂಥದ್ದರ ಬದಲಿಗೆ ಇದು, ಎರಡೂ ಬೇಡ" ಎಂದು ದಪ್ಪಕ್ಷರದಲ್ಲಿ ಬರೆದುಕೊಡಿ. ಲಾಭ ಜಾಸ್ತಿ ಇದೆಯೆಂದು ಬದಲಿ ಆರಿಸುವುದು ಮಾತ್ರ ಶುದ್ಧ ಮೋಸ, ಅದಕ್ಕೆ ಬೇರೆ ಹೆಸರಿಲ್ಲ.

ಕತ್ತರಿಅಂಚು:
ಸ್ಟ್ರಿಪ್ ವಿಷಯ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಒಂದೇ ತುದಿಯಲ್ಲಿದ್ದರೆ ಇನ್ನೊಂದು ತುದಿಯಿಂದ ಕತ್ತರಿಸಿ, ಅಂಗಡಿಯಲ್ಲಿ ಉಳಿಯುವ ತುಂಡಿಗೆ ಗುರುತು ಸಿಗುತ್ತದೆ. ಆದರೆ ನಾಲ್ಕು ಮಾತ್ರೆ ಒಯ್ದವರ ಕೈಯಲ್ಲಿರುವುದು ಬರೀ ಬೆಳ್ಳಿ ಹಾಳೆ. ಹೆಸರು, ಮಿ.ಗ್ರಾಂ, ಬ್ಯಾಚ್, ಎಕ್ಸ್‌ಪೈರಿ ನಾಲ್ಕನ್ನೂ ಕವರ್ ಮೇಲೆ ಬರೆಯುವುದು ಅಂಗಡಿಯವರ ಕೆಲಸ. ಕತ್ತರಿ ಗುಳ್ಳೆಯ ಅಂಚಿಗೆ ತಾಗಿದರೆ ತೇವ ಒಳಗೆ ಹೋಗುತ್ತದೆ, ಆ ಮಾತ್ರೆಯನ್ನು ಕೊಡಬೇಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ, ತೇವಕ್ಕೆ ಕೆಡುವ ಡಾಬಿಗಟ್ರಾನ್ ಕ್ಯಾಪ್ಸೂಲನ್ನಂತೂ ಮೂಲ ಪ್ಯಾಕಿಂಗ್‌ನಿಂದ ತೆಗೆದು ಬೇರೆ ಡಬ್ಬಿಗೆ ಹಾಕಲೇಬಾರದು.

ಎಕ್ಸ್‌ಪೈರಿಯಲ್ಲಿ ತಿಂಗಳು, ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಎಂದರ್ಥ. ಹಾಗೆಂದು ಹತ್ತು ದಿನ ಬಾಕಿಯಿರುವ ಸ್ಟಾಕನ್ನು 30 ದಿನದ ಕೋರ್ಸಿಗೆ ಸಾಗಹಾಕಬಾರದು.

ಎರಡನೇಕಣ್ಣು:
ತಪ್ಪು ಹೋಗಿದ್ದರೆ ಮೊದಲು ಫೋನ್, ಆಮೇಲೆ ಉಳಿದದ್ದು. "ಮಾತ್ರೆ ನಿಲ್ಲಿಸಿ" ಎಂದು ಹೇಳಿ, ಎಷ್ಟು ಡೋಸ್ ಆಗಿದೆ, ಕೊನೆಯದು ಯಾವಾಗ ಎಂದು ಕೇಳಿ, ಡಾಕ್ಟರಿಗೆ ತಿಳಿಸಿ. ತಪ್ಪು ಪ್ಯಾಕೆಟ್ ವಾಪಸ್ ತರಿಸಿ ಎತ್ತಿಡಿ. ಸದ್ದಿಲ್ಲದೆ ಬದಲಾಯಿಸಿ ಕೈತೊಳೆದುಕೊಳ್ಳುವುದು ಕೊಲ್ಲಬಲ್ಲದು. ಸಂಧಿವಾತಕ್ಕೆ ಬರೆಯುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯದು. ಕವರ್ ಮೇಲೆ "ದಿನಕ್ಕೊಂದು" ಎಂದು ಹೋದರೆ ಅಸ್ಥಿಮಜ್ಜೆಯೇ ಕುಸಿಯುತ್ತದೆ. ಬಾಯಿಹುಣ್ಣು, ಜ್ವರ ಶುರುವಾಗಿದ್ದರೆ ನೇರ ಆಸ್ಪತ್ರೆಗೆ ಕಳಿಸಿ. ಈ ಔಷಧಿಗೆ "ವಾರಕ್ಕೊಮ್ಮೆ, ಸೋಮವಾರ" ಎಂದು ವಾರದ ಹೆಸರು ಸಮೇತ ಬರೆಯಿರಿ.

ಹೈಡ್ರಾಕ್ಸಿಝಿನ್, ಹೈಡ್ರಾಲಝಿನ್ ಅಕ್ಕಪಕ್ಕ ಇಟ್ಟಿದ್ದರೆ ಇವತ್ತೇ ಬೇರೆ ಮಾಡಿ. ಒಂದು ತುರಿಕೆಗೆ, ಇನ್ನೊಂದು ಬಿಪಿಗೆ.

ಹೊಸಕೌಂಟರ್:
ಜನ ತುಂಬಿರುವಾಗ ಇಷ್ಟೆಲ್ಲ ಆಗದಿದ್ದರೆ?

ಎರಡನೇಕಣ್ಣು:
ಎರಡು ಪ್ರಶ್ನೆ ಮಾತ್ರ ಬಿಡಬೇಡಿ. "ಯಾವುದಾದರೂ ಔಷಧಿ ಆಗಿಬರುವುದಿಲ್ಲವೇ?" "ಬೇರೆ ಯಾವ ಮಾತ್ರೆ ನಡೆಯುತ್ತಿದೆ?" ಪೆನಿಸಿಲಿನ್ ಆಗದವರಿಗೆ ಅದೇ ಗುಂಪಿನ ಅಮಾಕ್ಸಿಸಿಲಿನ್, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯ ಹೆಚ್ಚಿಸುವ ಐಬುಪ್ರೊಫೆನ್ ಹೋಗುವುದು ಇಲ್ಲೇ ತಪ್ಪುತ್ತದೆ. ಕೌಂಟರಿನ ತುದಿಗೆ ಕರೆದು ಮೆಲ್ಲಗೆ ಕೇಳಿ, ಮಾತ್ರೆಯ ಹೆಸರನ್ನು ಹಿಂದಿರುವ ಹುಡುಗನಿಗೆ ಕೂಗಬೇಡಿ, ಚೀಟಿಯನ್ನೇ ಕೈಗೆ ಕೊಡಿ.