ಮರೆವಿನ ಕಾಯಿಲೆಯ ಅತ್ತೆಯವರನ್ನು ನೋಡಿಕೊಳ್ಳುತ್ತ ನನ್ನ ಮನಸ್ಸನ್ನು ಕಾಪಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ತುಂಗಾತೀರದವಳು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ, ಪತ್ತಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆಯಾಗಿದ್ದೇನೆ. ನಮ್ಮ ಅತ್ತೆಯವರಿಗೆ 78 ವರ್ಷ. ಅವರಿಗೆ ಇರುವುದು ಆಲ್‌ಝೈಮರ್ ಎಂದು ವೈದ್ಯರು ಹೇಳಿ ಮೂರು ವರ್ಷಗಳಾದವು. ಹಗಲು ಹೊತ್ತಿನಲ್ಲಿ ಪಕ್ಕದ ಬೀದಿಯ ಒಬ್ಬ ಹೆಂಗಸು ಬಂದು ಜೊತೆಗಿರುತ್ತಾರೆ. ಕಷ್ಟವಿರುವುದು ನಾನು ಮನೆಗೆ ಬಂದ ಮೇಲೆ. ದೇವರ ಮುಂದೆ ದೀಪ ಹಚ್ಚುವ ಹೊತ್ತಾಗುತ್ತಿದ್ದಂತೆ ಅತ್ತೆಯವರು ಎರಡು ಸೀರೆಗಳನ್ನು ಟವೆಲಿನಲ್ಲಿ ಗಂಟು ಕಟ್ಟಿಕೊಂಡು, "ಎಮ್ಮೆ ಕರೆಯೋ ಹೊತ್ತಾಯ್ತು, ನಾನು ಮನೆಗೆ ಹೋಗ್ಬೇಕು" ಎಂದು ಮುಂಬಾಗಿಲ ಚಿಲಕಕ್ಕೆ ಕೈ ಹಾಕುತ್ತಾರೆ. ಇದೇ ನಿಮ್ಮ ಮನೆ ಎಂದು ಹೇಳಿದರೆ ಅಳುತ್ತಾರೆ, ಇಲ್ಲವೇ ನನ್ನನ್ನು ಯಾರೋ ಕೆಲಸದವಳೆಂದು ತಿಳಿದು ಬೈಯುತ್ತಾರೆ. ರಾತ್ರಿಯೂ ಹಲವು ಸಲ ಎದ್ದು ಓಡಾಡುತ್ತಾರೆ.

ಅತ್ತೆಯವರ ಚಿಕಿತ್ಸೆಯ ಬಗ್ಗೆ ನಾನು ಇಲ್ಲಿ ಕೇಳುತ್ತಿಲ್ಲ, ನನ್ನ ಬಗ್ಗೆ ಕೇಳುತ್ತಿದ್ದೇನೆ. ಕೆಲವು ತಿಂಗಳಿನಿಂದ ಅವರು ಮಲಗಿದ್ದಾಗಲೂ ನನಗೆ ನಿದ್ರೆ ಹತ್ತುವುದಿಲ್ಲ, ಕಿವಿ ಚಿಲಕದ ಸದ್ದಿಗೇ ಕಾದಿರುತ್ತದೆ. ಕಚೇರಿಯಲ್ಲಿ ಲೆಕ್ಕ ತಾಳೆ ನೋಡುವಾಗ ಅಂಕಿಗಳು ತಲೆಗೆ ಹತ್ತುವುದಿಲ್ಲ. ಮೊದಲು ಆಸೆಯಿಂದ ಹೋಗುತ್ತಿದ್ದ ಭಜನಾ ಮಂಡಳಿಗೂ ಹೋಗಬೇಕೆನಿಸುವುದಿಲ್ಲ. ಸಿಟ್ಟು ಒಮ್ಮೆಲೇ ಏರುತ್ತದೆ, ಆಮೇಲೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. "ಸ್ವಲ್ಪ ಧ್ಯಾನ ಮಾಡು, ಸರಿಹೋಗುತ್ತದೆ" ಎಂದು ಎಲ್ಲರೂ ಹೇಳುತ್ತಾರೆ, ಆದರೆ ಕಣ್ಣು ಮುಚ್ಚಿ ಕೂರಲು ಬಿಡುವಾದರೂ ಎಲ್ಲಿದೆ? ಇದು ಬರೀ ದಣಿವೋ, ನನಗೂ ಚಿಕಿತ್ಸೆ ಬೇಕಾದ ಕಾಯಿಲೆಯೋ? ಅತ್ತೆಯವರಿಗೆಂದು ಬರೆದುಕೊಟ್ಟ ನಿದ್ರೆ ಮಾತ್ರೆಯಲ್ಲಿ ಅರ್ಧವನ್ನು ನಾನು ತೆಗೆದುಕೊಳ್ಳಬಹುದೇ? ಊರು ಚಿಕ್ಕದು, ಮನೋವೈದ್ಯರ ಕೊಠಡಿಯ ಮುಂದೆ ಕುಳಿತರೆ ನಾಲ್ಕು ಜನ ನೋಡುತ್ತಾರೆಂಬ ಅಳುಕೂ ಇದೆ.

ಉತ್ತರ 1: ನಿವೃತ್ತ ಮೇಷ್ಟ್ರು, ಹಾಸನ

ತಂಗಿ, ನನ್ನ ಹೆಂಡತಿಗೆ ಇದೇ ಕಾಯಿಲೆಯಿತ್ತು. ಆಕೆ ತೀರಿಕೊಳ್ಳುವವರೆಗೂ ಮನೆಯಲ್ಲೇ ನೋಡಿಕೊಂಡೆವು. ನಿಮ್ಮ ಪತ್ರದಲ್ಲಿ ನನ್ನ ಗಮನ ಹೋದದ್ದು ಸಂಜೆಯ ಆ ಹೊತ್ತಿನ ಮೇಲೆ, ಏಕೆಂದರೆ ಆರೈಕೆ ಮಾಡುವವರ ಮನಸ್ಸು ಹೆಚ್ಚಾಗಿ ಸೋಲುವುದು ಅಲ್ಲಿಯೇ. ಬೆಳಕು ಇಳಿಯುವ ಹೊತ್ತಿನಲ್ಲಿ ಈ ರೋಗಿಗಳ ಗೊಂದಲ ಹೆಚ್ಚುವುದು ಕಾಯಿಲೆಯ ಲಕ್ಷಣವೇ ಹೊರತು ನಿಮ್ಮ ಮೇಲಿನ ಮುನಿಸಲ್ಲ. ಕತ್ತಲಾಗುವ ಮೊದಲೇ ಮನೆಯ ದೀಪಗಳನ್ನೆಲ್ಲ ಹಾಕಿಬಿಡಿ, ಅಷ್ಟು ಹೊತ್ತಿಗೆ ಟಿವಿಯ ಸದ್ದು ನಿಲ್ಲಲಿ. ಮಧ್ಯಾಹ್ನದ ನಿದ್ರೆ ಅರ್ಧ ಗಂಟೆ ದಾಟದಂತೆ, ಮಧ್ಯಾಹ್ನದ ಮೇಲೆ ಕಾಫಿ ಕೊಡದಂತೆ ಹಗಲು ಬರುವ ಆ ತಾಯಿಗೆ ತಿಳಿಸಿ.

ಎಮ್ಮೆ ಕರೆಯಬೇಕು ಎಂದವರಿಗೆ ಎಮ್ಮೆಯಿಲ್ಲ ಎಂದು ಸಾಧಿಸಿ ತೋರಿಸುವುದರಿಂದ ಏನೂ ಪ್ರಯೋಜನವಿಲ್ಲ. ಅವರು ಹೇಳುತ್ತಿರುವ ಆ ಮನೆ ಬಹುಶಃ ಅವರ ತವರು, ಬಾಲ್ಯದ ಕೊಟ್ಟಿಗೆ. "ಎಮ್ಮೆ ಎಷ್ಟು ಹಾಲು ಕೊಡುತ್ತಿತ್ತು? ಕರುವಿಗೆ ಏನೆಂದು ಹೆಸರಿಟ್ಟಿದ್ದಿರಿ?" ಎಂದು ಕೇಳುತ್ತ ಪಕ್ಕದಲ್ಲಿ ಕೂತರೆ ಆ ಗಂಟು ಕೈಯಿಂದ ತಾನಾಗಿ ಇಳಿಯುತ್ತದೆ. ನಾವು ಒಂದು ಮೊರದ ತುಂಬ ಅವರೆಕಾಯಿ ಸುರಿದು ಆಕೆಯ ಮುಂದಿಡುತ್ತಿದ್ದೆವು. ಹೆಸರುಗಳೆಲ್ಲ ಮರೆತುಹೋಗಿದ್ದರೂ ಕಾಯಿ ಸುಲಿಯುವುದನ್ನು ಆ ಬೆರಳುಗಳು ಮರೆತಿರಲಿಲ್ಲ, ಒಂದು ಗಂಟೆ ಸದ್ದಿಲ್ಲದೆ ಕಳೆಯುತ್ತಿತ್ತು. ಅವರೆಯ ಕಾಲ ಮುಗಿದ ಮೇಲೆ ಹೂ ಕಟ್ಟಲು, ಬಟ್ಟೆ ಮಡಚಲು ಕೊಡುತ್ತಿದ್ದೆವು. ಚಿಲಕದ ವಿಷಯಕ್ಕೆ ಬಂದರೆ, ಕೈಗೆ ಸಿಗುವ ಎತ್ತರದ ಚಿಲಕದ ಜೊತೆಗೆ ಬಾಗಿಲ ಮೇಲ್ತುದಿಯಲ್ಲಿ ಇನ್ನೊಂದನ್ನು ಹಾಕಿಸಿ, ಬಾಗಿಲಿಗೆ ಒಂದು ಗೆಜ್ಜೆ ಕಟ್ಟಿ. ಬಾಗಿಲು ಅಲುಗಿದರೆ ಗೆಜ್ಜೆ ಎಬ್ಬಿಸುತ್ತದೆ ಎಂಬ ನಂಬಿಕೆ ಬಂದ ಮೇಲೆ ಕಿವಿಗೂ ನಿಧಾನವಾಗಿ ವಿಶ್ರಾಂತಿ ಸಿಗುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ಯಜಮಾನರ ಸುದ್ದಿಯೇ ಇಲ್ಲ, ನಾದಿನಿ, ಮೈದುನರ ಸುದ್ದಿಯೂ ಇಲ್ಲ. ಮನೆಯವರನ್ನೆಲ್ಲ ಕೂಡಿಸಿ, ವಾರದಲ್ಲಿ ಯಾವ ರಾತ್ರಿ ಯಾರು ಅಮ್ಮನ ಕೋಣೆಯಲ್ಲಿ ಮಲಗುತ್ತಾರೆ ಎಂಬುದನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. "ಸ್ವಲ್ಪ ಸಹಾಯ ಮಾಡಿ" ಎಂದರೆ ಯಾರೂ ಏಳುವುದಿಲ್ಲ. "ಬುಧವಾರ, ಶನಿವಾರ ರಾತ್ರಿ ನಿಮ್ಮದು" ಎಂದರೆ ತಪ್ಪಿಸಿಕೊಳ್ಳುವುದು ಕಷ್ಟ. ಆ ಎರಡು ರಾತ್ರಿ ನೀವು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ. ಸೊಸೆಯಾದವಳು ಹಾಗೆ ಮಾಡಬಹುದೇ ಎಂಬ ಪ್ರಶ್ನೆ ಬಂದರೆ, ಮಾಡಲೇಬೇಕು ಎಂಬುದು ನನ್ನ ಉತ್ತರ.

ಉತ್ತರ 2: ಮನೋರೋಗ ವಿಭಾಗದ ಶುಶ್ರೂಷಕಿ, ಧಾರವಾಡ

ಮೇಷ್ಟ್ರು ಹೇಳಿದ್ದನ್ನು ಪೂರ್ಣವಾಗಿ ಒಪ್ಪುತ್ತೇನೆ. ಅಕ್ಕಾ, ನೀವು ಕೇಳಿದ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ದಣಿವಾದರೆ ಎರಡು ಮೂರು ರಾತ್ರಿ ಚೆನ್ನಾಗಿ ನಿದ್ರೆ ಮಾಡಿದಾಗ ಇಳಿಯಬೇಕು. ಮನಸ್ಸು ಕುಗ್ಗಿರುವುದು, ಇಷ್ಟದ ಕೆಲಸದಲ್ಲೂ ಆಸಕ್ತಿ ಹೋಗಿರುವುದು, ಇವುಗಳ ಜೊತೆಗೆ ನಿದ್ರೆ, ಹಸಿವು, ಏಕಾಗ್ರತೆ ಕೆಡುವುದು ಹೆಚ್ಚಿನ ದಿನಗಳಲ್ಲಿ ಎರಡು ವಾರಕ್ಕೂ ಮೀರಿ ನಡೆದಿದ್ದರೆ ಅದನ್ನು ಖಿನ್ನತೆ ಎಂದು ಅನುಮಾನಿಸಿ ಪರೀಕ್ಷೆ ಮಾಡಿಸಲೇಬೇಕು. ನೀವು ತಿಂಗಳುಗಳ ಮಾತು ಹೇಳುತ್ತಿದ್ದೀರಿ, ಆದ್ದರಿಂದ ವೈದ್ಯರನ್ನು ಕಾಣಿರಿ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆಗಳೂ ಹೀಗೆಯೇ ಕಾಣಿಸಿಕೊಳ್ಳಬಹುದು, ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಮುನ್ನಿನ ಏರುಪೇರುಗಳೂ ಸೇರಿಕೊಂಡಿರಬಹುದು. ಹಾಗಾಗಿ ರಕ್ತ ಪರೀಕ್ಷೆಗಳನ್ನು ಮೊದಲು ಮಾಡಿಸುತ್ತಾರೆ.

ಅತ್ತೆಯವರ ಮಾತ್ರೆಯನ್ನು ದಯವಿಟ್ಟು ಮುಟ್ಟಬೇಡಿ. ಅಂಥ ಮಾತ್ರೆಗಳಲ್ಲಿ ಕೆಲವು ಕೆಲವೇ ವಾರಗಳಲ್ಲಿ ಅಭ್ಯಾಸವಾಗಿಬಿಡುತ್ತವೆ. ರಾತ್ರಿ ಅವರು ಎದ್ದು ಬಿದ್ದರೆ ಮಂಪರಿನಲ್ಲಿರುವ ನಿಮಗೆ ಎಚ್ಚರವೂ ಆಗದಿರಬಹುದು. ಅತ್ತೆಯವರಿಗೂ ಆ ಮಾತ್ರೆಯಿಂದ ಬೀಳುವ ಅಪಾಯ, ಗೊಂದಲ ಹೆಚ್ಚಾಗಬಹುದಾದ್ದರಿಂದ ಅದು ಇನ್ನೂ ಬೇಕೇ ಎಂದು ಬರೆದುಕೊಟ್ಟವರನ್ನೇ ಕೇಳಿ. ಅವರ ಗೊಂದಲ ಎರಡು ಮೂರು ದಿನಗಳಲ್ಲಿ ಒಮ್ಮೆಲೇ ಏರಿದರೆ ಮೂತ್ರದ ಸೋಂಕು ಇದೆಯೇ ಎಂದು ನೋಡಿಸಿ. ವಯಸ್ಸಾದವರಲ್ಲಿ ಜ್ವರವಿಲ್ಲದೆಯೂ ಅದು ತಲೆಗೆಡಿಸುತ್ತದೆ.

ನಿಮ್ಮ ನಿದ್ರೆಗೆ ಮಾತ್ರೆಯಿಲ್ಲದ ದಾರಿಯೂ ಇದೆ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಸಮಯ ಒಂದೇ ಇರಲಿ. ಹಾಸಿಗೆಯಲ್ಲಿ ಇಪ್ಪತ್ತು ನಿಮಿಷ ಕಳೆದರೂ ನಿದ್ರೆ ಬಾರದಿದ್ದರೆ ಹೊರಳಾಡದೆ ಎದ್ದು, ಮಂದ ಬೆಳಕಿನಲ್ಲಿ ಕೂತು, ಕಣ್ಣು ತೂಗಿದಾಗ ಮಾತ್ರ ಮರಳಿ ಮಲಗಿ. ಮೊದಲ ವಾರ ಇದು ಶಿಕ್ಷೆಯೆನಿಸುತ್ತದೆ, ಆದರೂ ಬಿಡಬೇಡಿ. ಧ್ಯಾನ ಕೈಗೂಡದಿದ್ದರೆ ಅದಕ್ಕಾಗಿ ಕೊರಗಬೇಕಾಗಿಲ್ಲ, ಕಚೇರಿಯಿಂದ ಒಂದು ನಿಲ್ದಾಣ ಮೊದಲೇ ಇಳಿದು ನಡೆದು ಬಂದರೂ ಒಳ್ಳೆಯದೇ. ಭಜನಾ ಮಂಡಳಿಗೆ ಮನಸ್ಸಾಗುವವರೆಗೆ ಕಾಯಬೇಡಿ, ಮನಸ್ಸಿಲ್ಲದಿದ್ದರೂ ಹೋಗಿ ಕೂತುಬನ್ನಿ. ಖಿನ್ನತೆಯಲ್ಲಿ ಉತ್ಸಾಹ ಕೆಲಸದ ಹಿಂದೆ ಬರುತ್ತದೆಯೇ ಹೊರತು ಮುಂದೆ ಬರುವುದಿಲ್ಲ.

ನಾಲ್ಕು ಜನ ನೋಡುತ್ತಾರೆಂಬ ಅಳುಕು ಎಲ್ಲ ಊರುಗಳಲ್ಲೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವುದು ನಮ್ಮ ಹೊಣೆ. ಮೊದಲ ಹೆಜ್ಜೆಗೆ ಆಸ್ಪತ್ರೆಗೆ ಹೋಗಲೇಬೇಕೆಂದೂ ಇಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ಸೇವೆಯ ವ್ಯವಸ್ಥೆಯಿದೆ, ಜಿಲ್ಲಾಸ್ಪತ್ರೆಯಲ್ಲಂತೂ ವಿಭಾಗವೇ ಇರುತ್ತದೆ. ಇದ್ದು ಏನು ಪ್ರಯೋಜನ, ಸತ್ತರೆ ಸಾಕು ಎಂಬ ಯೋಚನೆ ಒಮ್ಮೆ ಸುಳಿದರೂ ಮಂಗಳವಾರಕ್ಕೆ ಕಾಯದೆ ಅದೇ ಕ್ಷಣ ಮನೆಯವರಿಗೆ ತಿಳಿಸಿ, 14416ಕ್ಕೆ ಕರೆ ಮಾಡಿ.

ಉತ್ತರ 3: ದೂರದೂರಿನ ಮಗ, ಮೆಲ್ಬರ್ನ್

ನಾನು ನಿಮ್ಮ ಮೈದುನನ ಜಾಗದಲ್ಲಿರುವವನು. ನಮ್ಮ ತಾಯಿಯನ್ನು ತಿಪಟೂರಿನಲ್ಲಿ ಅತ್ತಿಗೆ ನೋಡಿಕೊಳ್ಳುತ್ತಿದ್ದಾರೆ. ಹಣ ಕಳಿಸಿದರೆ ಮುಗಿಯಿತು ಎಂದುಕೊಳ್ಳುವ ನನ್ನಂಥವರಿಗೆ ಯಾವ ಕೆಲಸ ಬೇಕೆಂದು ಯಾರಾದರೂ ಬಿಡಿಸಿ ಹೇಳಬೇಕಾಗುತ್ತದೆ, ನಮ್ಮ ಅತ್ತಿಗೆ ಹೇಳಿದರು. ಈಗ ಔಷಧಿ ತರಿಸುವುದು, ವೈದ್ಯರ ಸಮಯ ಗೊತ್ತುಮಾಡುವುದು, ರಾತ್ರಿಯ ಸಹಾಯಕಿಯ ಸಂಬಳ, ಆಕೆಯ ರಜೆಯ ದಿನಕ್ಕೆ ಬದಲಿ ಹುಡುಕುವುದು ನನ್ನ ಪಾಲು. ವರ್ಷಕ್ಕೊಮ್ಮೆ ನಾನು ಊರಿಗೆ ಬಂದಾಗ ಅತ್ತಿಗೆ ಎರಡು ವಾರ ತವರಿಗೆ ಹೋಗುತ್ತಾರೆ, ಆ ಎರಡು ವಾರ ನಾವು ಅವರಿಗೆ ಫೋನ್ ಮಾಡಿ ಏನನ್ನೂ ಕೇಳುವುದಿಲ್ಲ. ನಿಮ್ಮ ಮೈದುನರಿಗೂ ಹೀಗೆ ಪಟ್ಟಿ ಮಾಡಿ ಕೊಡಿ. ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ಪ್ರಶ್ನೆ ಕೇಳಿದವರಿಂದ: ತುಂಗಾತೀರದವಳು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಅವರೆಕಾಯಿಯ ಕಾಲವಲ್ಲದ ಕಾರಣ ಅತ್ತೆಯವರ ಮುಂದೆ ಕಡಲೆಕಾಯಿ ಸುರಿದೆ. ಅರ್ಧದಷ್ಟು ಬಿಡಿಸಿ, ಮಿಕ್ಕಿದ್ದನ್ನು ಸಿಪ್ಪೆಯ ಜೊತೆಗೇ ಬೆರೆಸಿಟ್ಟರು, ಆದರೆ ಗಂಟು ಕಟ್ಟಲಿಲ್ಲ. ನಮ್ಮ ಯಜಮಾನರು ವಾರಕ್ಕೆ ಎರಡು ರಾತ್ರಿ ಅಮ್ಮನ ಕೋಣೆಯಲ್ಲಿ ಮಲಗಲು ಒಪ್ಪಿದ್ದಾರೆ, ನಾದಿನಿ ತಿಂಗಳಿಗೊಂದು ಭಾನುವಾರ ಬರುತ್ತೇನೆ ಎಂದಿದ್ದಾರೆ. 14416ಕ್ಕೂ ಕರೆ ಮಾಡಿದೆ. ಅವರು ಜಿಲ್ಲಾಸ್ಪತ್ರೆಗೆ ಹೋಗಲು ಹೇಳಿದರು, ಬರುವ ವಾರ ಹೋಗುತ್ತೇನೆ. ಖಿನ್ನತೆಗೆ ಮಾತ್ರೆ ಕೊಟ್ಟರೆ ಬದುಕಿಡೀ ನುಂಗಬೇಕೇ ಎಂಬ ಭಯವೊಂದು ಉಳಿದಿದೆ.

ಉತ್ತರ: ಮನೋರೋಗ ವಿಭಾಗದ ಶುಶ್ರೂಷಕಿ, ಧಾರವಾಡ

ಬೇಕಾಗಿಲ್ಲ, ಅಕ್ಕಾ. ಎಲ್ಲರಿಗೂ ಮಾತ್ರೆ ಕೊಡುವುದೂ ಇಲ್ಲ, ತೀವ್ರತೆ ಕಡಿಮೆಯಿದ್ದರೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಕೊಟ್ಟರೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯಬಹುದು. ಮೊದಲ ದಿನಗಳ ಹೊಟ್ಟೆ ತೊಳಸುವಿಕೆಗೆ ಹೆದರಿ ಬಿಟ್ಟುಬಿಡಬೇಡಿ. ಮೊದಲ ಸಲದ ಖಿನ್ನತೆಯಲ್ಲಿ ಸಾಮಾನ್ಯವಾಗಿ ಗುಣವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಿ, ಆಮೇಲೆ ವೈದ್ಯರೇ ಪ್ರಮಾಣವನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸುತ್ತಾರೆ. ಹೋಗುವಾಗ ನೀವು ಈಗ ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಚೀಟಿಯನ್ನೂ, ಒಂದು ವಾರ ಮಲಗಿದ, ಎದ್ದ ಸಮಯ ಗುರುತು ಹಾಕಿಕೊಂಡ ಹಾಳೆಯನ್ನೂ ಜೊತೆಗೆ ಒಯ್ಯಿರಿ. ಯಜಮಾನರನ್ನೂ ಕರೆದುಕೊಂಡು ಹೋಗಿ, ರಾತ್ರಿಯ ಸರದಿಯ ವಿಷಯವನ್ನು ವೈದ್ಯರ ಎದುರಿನಲ್ಲೇ ಮಾತನಾಡಿ.