ಅಪ್‌ಡೇಟ್: ಎಂಡಿ ಆದ ಮೇಲೆ ರಿಸರ್ಚ್ ಕಲಿಯುವುದು ಹೇಗೆ ಅಂತ ಕೇಳಿದ್ದೆ

ಮಂಗಳೂರಲ್ಲಿ ಎಂಡಿ ಮುಗಿಸಿದ್ದೇನೆ, ರೋಗಿಗಳನ್ನು ನೋಡುವುದು ಬಿಡದೆ ರಿಸರ್ಚ್ ಕಲಿಯಲು ದಾರಿ ಇದೆಯಾ ಅಂತ ಕೇಳಿದ್ದೆ ಅಲ್ವಾ, ಅದರ ಮುಂದಿನ ಕಥೆ ಇದು.

ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೊಡುವ ಎಸ್‌ಟಿಎಸ್ ಅನ್ನುವ ಕಿರು ಅವಧಿಯ ರಿಸರ್ಚ್ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿ ಅಂದಿದ್ದರು ಕೆಲವರು. ಅದು ಎಂಬಿಬಿಎಸ್, ಬಿಡಿಎಸ್ ಓದುತ್ತಿರುವ ಮಕ್ಕಳಿಗೆ, ನಮಗಲ್ಲ. ಕೆಲಸ ಬಿಟ್ಟು ಪಿಎಚ್‌ಡಿ ಸೇರುವುದೂ ಆಗಲಿಲ್ಲ, ಮನೆ ಸಾಲ ಇದೆ ಮಾರಾಯ್ರೆ.

ಕೆಲಸಕ್ಕೆ ಬಂದದ್ದು "ಫಂಡ್ ಆಮೇಲೆ, ಮೊದಲು ಗೈಡ್ ಹುಡುಕಿ" ಅಂದವರ ಮಾತು. ಮಣಿಪಾಲದ ಪ್ರೊಫೆಸರ್ ಒಬ್ಬರು ತಮ್ಮ ಟಿಬಿ ಪ್ರಾಜೆಕ್ಟಿಗೆ ಸೇರಿಸಿಕೊಂಡರು. ಪ್ರೋಟೋಕಾಲ್ (ಅಧ್ಯಯನ ಹೇಗೆ ಮಾಡುತ್ತೇವೆ ಅನ್ನುವ ಯೋಜನೆ) ಬರೆಸಿದರು, ಕೆಂಪು ಪೆನ್ನಿನಲ್ಲಿ ಗೀಚಿ ವಾಪಸ್ ಕೊಟ್ಟರು, ಮತ್ತೆ ಬರೆಸಿದರು, ಆಮೇಲೆ ರಿಸರ್ಚಿಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಪ್ರಶ್ನೆಗಳಿಗೆ ನನ್ನಿಂದಲೇ ಉತ್ತರ ಬರೆಸಿದರು. ಇದರಲ್ಲಿ ಕಲಿತಷ್ಟು ಯಾವ ವರ್ಕ್‌ಶಾಪ್‌ನಲ್ಲೂ ಕಲಿತಿಲ್ಲ. ಪಿಜಿಯಲ್ಲಿ ಕಡ್ಡಾಯ ಇರುವ ಬಿಸಿಬಿಆರ್ ಇದೆಯಲ್ಲ, ಚೆನ್ನೈನಲ್ಲಿರುವ ಐಸಿಎಂಆರ್ ಸಂಸ್ಥೆ ಎನ್‌ಐಇ ನಡೆಸುವ, ರಿಸರ್ಚ್ ಮಾಡುವ ವಿಧಾನ ಕಲಿಸುವ ಆನ್‌ಲೈನ್ ಕೋರ್ಸ್, ಅದರ ಸ್ಯಾಂಪಲ್ ಸೈಜ್ (ಅಧ್ಯಯನಕ್ಕೆ ಎಷ್ಟು ಜನ ಬೇಕು ಅನ್ನುವ ಲೆಕ್ಕ) ಪಾಠ ಈಗ ಮತ್ತೆ ನೋಡಿದಾಗ ಸರಿಯಾಗಿ ತಲೆಗೆ ಹೋಯಿತು.

ಆಶ್ಚರ್ಯ ಆದದ್ದು ಇದು: 2008ರಲ್ಲಿ ಶುರುವಾದ, ರಿಸರ್ಚಿಗೆ ಹಣ ಕೊಡುವ ಇಂಡಿಯಾ ಅಲಯನ್ಸ್ ಅನ್ನುವ ಸಂಸ್ಥೆ ವೈದ್ಯರಿಗೆ ಕೊಡುವ ಕ್ಲಿನಿಕಲ್ ಫೆಲೋಶಿಪ್‌ಗೆ ಪಿಎಚ್‌ಡಿ ಇರಲೇಬೇಕು ಅಂತೇನಿಲ್ಲ. ಆದರೆ ಭಾರತದ ಒಂದು ಸಂಸ್ಥೆ ನಿಮ್ಮನ್ನು ಇಟ್ಟುಕೊಳ್ಳಲು ಒಪ್ಪಬೇಕು. ಅದಕ್ಕೂ ಗೈಡೇ ಮೊದಲು ಬೇಕು ನೋಡಿ. ಮುಂದಿನ ಕರೆಗೆ ನಾನೂ ಅರ್ಜಿ ಹಾಕುತ್ತೇನೆ. ಸದ್ಯಕ್ಕೆ ಓಪಿಡಿ ಇಲ್ಲದ ದಿನ ಉಡುಪಿ ಬಸ್ ಹತ್ತುವುದು.