ಗಾಡಿಯ "ಎಳೆತ" ಯಾವ ದಿಕ್ಕಿಗೆ?

ಒಂದು ಪದ ಕೇಳ್ಲಿಕ್ಕುಂಟು: ಓಡುವ ಗಾಡಿಯನ್ನು ಗಾಳಿ ಹಿಂದಕ್ಕೆ ಜಗ್ಗುವ ಬಲಕ್ಕೆ, ಇಂಗ್ಲಿಷಿನ ಡ್ರ್ಯಾಗ್‌ಗೆ, ಕನ್ನಡದಲ್ಲಿ ಎಂತ ಹೇಳುವುದು? ಉಡುಪಿಯ ಕ್ಯಾಟರಿಂಗಿನವರೊಬ್ಬರು ತಮ್ಮ ವ್ಯಾನಿನ ಡ್ರೈವರ್‌ಗಳಿಗೆ ಡೀಸೆಲ್ ಉಳಿಸುವ ಬಗ್ಗೆ ಒಂದು ಪುಟ ಬರ್ದು ಕೊಡಿ ಮಾರಾಯ್ರೆ ಅಂದ್ರು, ನಾನೂ ಉಮೇದಿನಲ್ಲಿ ಕೂತು "ಗಾಳಿಯ ಎಳೆತವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ" ಅಂತ ಬರ್ದೆ, ವರ್ಗ ಅಂದ್ರೆ ಸ್ಕ್ವೇರ್, ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದು. ಡ್ರೈವರ್ ಓದಿ ಎರಡೇ ಪ್ರಶ್ನೆ ಹಾಕಿದ. ವರ್ಗ ಅಂದ್ರೆ ಟ್ರಾನ್ಸ್‌ಫರಾ ಸರ್? ಮತ್ತೆ, ಎಳೆತ ಜಾಸ್ತಿ ಆದ್ರೆ ಒಳ್ಳೇದೇ ಅಲ್ವಾ?

ಅವ ಹೇಳಿದ್ದು ಸರಿಯೇ. ಗ್ಯಾರೇಜಿನಲ್ಲಿ "ಗಾಡಿ ಎಳೀತಾ ಇಲ್ಲ" ಅಂದ್ರೆ ಇಂಜಿನ್ನಿಗೆ ದಮ್ಮಿಲ್ಲ ಅಂತ, ಆಗುಂಬೆ ಘಾಟಿ ಹತ್ತುವಾಗ ಗೊತ್ತಾಗುವ ಸಂಗತಿ. ನಮ್ಮ ಬಾಯಲ್ಲಿ ಎಳೆತ ಗಾಡಿಯನ್ನು ಮುಂದಕ್ಕೆ ಒಯ್ತದೆ, ನಾನು ಬರೆದ ಎಳೆತ ಹಿಂದಕ್ಕೆ ಜಗ್ತದೆ.

ಹಾಗಾದ್ರೆ "ವಾಯುಘರ್ಷಣೆ"? ಅದು ಇನ್ನೂ ದಾರಿ ತಪ್ಪಿಸ್ತದೆ. ಘರ್ಷಣೆ ಅಂದ್ರೆ ಉಜ್ಜಾಟ, ವ್ಯಾನಿನಂಥ ಡಬ್ಬಿ ಗಾಡಿಗೆ ಗಾಳಿ ಮೈ ಉಜ್ಜುವ ಪಾಲು ಸಣ್ಣದು, ದೊಡ್ಡ ಪಾಲು ಎದುರಿನ ಗಾಳಿಯನ್ನು ದೂಡಿ ಸರಿಸುವುದರಲ್ಲಿ, ಮತ್ತೆ ಹಿಂಬದಿಯಲ್ಲಿ ಒತ್ತಡ ಇಳಿದು ಗಾಳಿ ಸುಳಿ ಸುತ್ತುವುದರಲ್ಲಿ ಹೋಗ್ತದೆ. ಎಕ್ಸ್‌ಪ್ರೆಸ್ ಬಸ್ಸು ಹೋದ ಕೂಡ್ಲೆ ರಸ್ತೆ ಬದಿಯ ತರಗೆಲೆ ಅದರ ಬೆನ್ನಿಗೇ ಓಡ್ತದಲ್ಲ, ಅದೇ.

ಈ ಡ್ರೈವರ್ ಬಳಸುವ ಮಾತು "ಗಾಳಿ ಹಿಡಿಯುವುದು". ಮಂಗಳೂರಲ್ಲಿ ಮದುವೆ ಊಟ ಮುಗಿಸಿ ವಾಪಸ್ ಬರುವಾಗ ನಾನೂ ಅವನ ವ್ಯಾನಿನಲ್ಲಿದ್ದೆ, ಒಳಗೆ ಖಾಲಿ, ಮೇಲೆ ಕ್ಯಾರಿಯರಿನಲ್ಲಿ ನಾಲ್ಕು ಕೊಪ್ಪರಿಗೆ ಕವುಚಿ ಟರ್ಪಾಲು ಕಟ್ಟಿದ್ದಷ್ಟೇ. ಮೂಲ್ಕಿ ದಾಟಿ ಸ್ಪೀಡು 80 ಆದದ್ದೇ ಟರ್ಪಾಲಿನ ಮೂಲೆ ಪಟಪಟ ಬಡಿಯಲಿಕ್ಕೆ ಶುರು. "ಭಾರ ಎಂತದೂ ಇಲ್ಲ ಸರ್, ಆದ್ರೆ ಗಾಳಿ ಹಿಡೀತದೆ, ಆಕ್ಸಲರೇಟರಿಂದ ಕಾಲು ತೆಗೀಲಿಕ್ಕೇ ಬಿಡುದಿಲ್ಲ" ಅಂದ. ಇದಕ್ಕಿಂತ ಚಂದ ವಿವರಣೆ ನನ್ನ ಪುಟದಲ್ಲಿರ್ಲಿಲ್ಲ. ತೊಂದ್ರೆ ಒಂದೇ, ಗಾಳಿ ಹಿಡಿಯುವುದು ಅಂದ್ರೆ ಭೂತ ಮೆಟ್ಟುವುದು ಅಂತಲೂ ಉಂಟು, ಗಾಡಿ ಬಿಟ್ಟು ಮಂತ್ರವಾದಿ ಹುಡುಕಿಯಾರು!

ಈಗ ಹೀಗೆ ತಿದ್ದಿದ್ದೇನೆ: "ಸ್ಪೀಡು 60ರಿಂದ 90ಕ್ಕೆ ಏರಿಸಿದ್ರೆ ಗಾಳಿಯ ತಡೆ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗ್ತದೆ." ವರ್ಗ ಹೋಯ್ತು. ಆದ್ರೆ ಡೀಸೆಲ್ಲೇ ಎರಡೂಕಾಲು ಪಟ್ಟು ಖರ್ಚಾಗ್ತದೆ ಅಂತ ಓದಿಕೊಳ್ಬಾರ್ದು, ಟಯರು ಉರುಳಲಿಕ್ಕೆ ಬೇಕಾದ ಬಲ ಸ್ಪೀಡಿನೊಟ್ಟಿಗೆ ಅಷ್ಟೇನೂ ಏರುದಿಲ್ಲ, ಏರುವುದು ಗಾಳಿಯ ಲೆಕ್ಕ. 50 ಕಿಲೋಮೀಟರ್ ದಾರಿಯಲ್ಲಿ ಉಳಿಯುವುದು ಹದಿನೇಳು ನಿಮಿಷ, ಅದೂ ಪಡುಬಿದ್ರಿಯಲ್ಲಿ ಬ್ಲಾಕ್ ಇಲ್ಲದಿದ್ರೆ. ಕ್ಯಾರಿಯರ್ ಬೇಡದಾಗ ಬಿಚ್ಚಿಡಿ ಅಂತಲೂ ಸೇರಿಸಿದೆ.

"ಇಂಧನ ಕ್ಷಮತೆ" ಹೊಡೆದು ಹಾಕಿ ಮೈಲೇಜ್ ಅಂತಲೇ ಇಟ್ಟಿದ್ದೇನೆ, ಮೈಲಿ ಹೋಗಿ ಕಿಲೋಮೀಟರ್ ಬಂದು ಎಷ್ಟು ಕಾಲವಾದ್ರೂ ಆ ಪದ ಅಲ್ಲಾಡ್ಲಿಲ್ಲ, ನಾನ್ಯಾರು ಅಲ್ಲಾಡಿಸ್ಲಿಕ್ಕೆ.

ಉಳಿದದ್ದು "ಗಾಳಿಯ ತಡೆ". ತಡೆ ಅಂದ್ರೆ ನಿಂತ ಗೋಡೆಯ ಹಾಗೆ ಕೇಳ್ತದೆ, ಸ್ಪೀಡಿನೊಟ್ಟಿಗೆ ಬೆಳೆಯುವಂಥದ್ದು ಅಂತ ಅನಿಸುದಿಲ್ಲ. "ಗಾಳಿಹಿಡಿತ" ಅಂತ ಮಾಡಿದ್ರೆ ಹೇಗೆ? ಮಲ್ಪೆ ಕಡೆ ಬೋಟಿನವರ ಬಾಯಲ್ಲಿ ಬೇರೆ ಮಾತಿದ್ರೆ ದಯವಿಟ್ಟು ಹೇಳಿ, ಶನಿವಾರ ಪುಟ ಪ್ರಿಂಟಿಗೆ ಹೋಗ್ತದೆ.